ಕಿವಿಗೆ ಬೀಳದ ಸಿಳ್ಳೆ

ವಿಬೇಕೆಯ ಬಲಭುಜದ ಆಪರೇಷನ್ ಆಗಿ ಎರಡು ತಿಂಗಳಾಗಿತ್ತು. ಲೆಮ್ವಿ ಊರಿನ ಬಂದರಿನ ಹಿಂದೆ ಇದ್ದ ಪ್ರೆಬೆನ್‌ನ ವರ್ಕ್‌ಶಾಪಿನ ಮುಂದೆ ತನ್ನ ವ್ಯಾನು ತಂದು ನಿಲ್ಲಿಸಿದವಳು ಒಳಗಿದ್ದ ಆಂಪ್ಲಿಫೈಯರನ್ನು ಇಳಿಸಲು ಹೋಗಲಿಲ್ಲ. ಎರಡು ಸಲ ಹಾರ್ನ್ ಹೊಡೆದು ಸುಮ್ಮನೆ ಕೂತಳು. ಪ್ರೆಬೆನ್ ಬೆಸುಗೆ ಕಡ್ಡಿಯನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಗೊಣಗುತ್ತ ಹೊರಗೆ ಬಂದು, ಆ ಪೆಟ್ಟಿಗೆಯನ್ನು ಎದೆಗವಚಿಕೊಂಡು ಒಳಗೆ ಹೊತ್ತ. ಮೇಜಿನ ಮೇಲಿಡುವಷ್ಟರಲ್ಲಿ ಅವನ ಸೊಂಟವೂ ಕಟಕ್ಕೆಂದಿತು.

ಅದು ಅವನೇ ಇಪ್ಪತ್ತು ವರ್ಷದ ಹಿಂದೆ ಅವಳ ಗಿಟಾರಿಗಾಗಿ ಕಟ್ಟಿಕೊಟ್ಟ ವಾಲ್ವ್ ಆಂಪ್ಲಿಫೈಯರ್. ಹಿಂಬದಿಯಲ್ಲಿ ಗಾಜಿನ ವಾಲ್ವ್‌ಗಳ ಸಾಲು, ಅವುಗಳ ಪಕ್ಕದಲ್ಲಿ ಇಟ್ಟಿಗೆಯಷ್ಟು ದಪ್ಪದ ಕಬ್ಬಿಣದ ಟ್ರಾನ್ಸ್‌ಫಾರ್ಮರ್. ವಿಬೇಕೆ ಅದನ್ನು ಹೊತ್ತುಕೊಂಡು ಯೂಲೆಂಡ್ ಪ್ರಾಂತ್ಯದ ಡ್ಯಾನ್ಸ್ ಹಾಲುಗಳನ್ನೆಲ್ಲ ಸುತ್ತಿದ್ದಳು. ಮದುವೆಮನೆ, ಬೇಸಿಗೆಯ ಹಬ್ಬ, ವೃದ್ಧರ ಮಧ್ಯಾಹ್ನದ ನೃತ್ಯ, ಎಲ್ಲೆಂದರಲ್ಲಿ.

"ಡಾಕ್ಟ್ರು ಹಾಲಿನ ಕ್ರೇಟ್ ಕೂಡ ಎತ್ತಬೇಡ ಅಂದಿದಾರೆ," ಎಂದಳು ವಿಬೇಕೆ. "ಇದನ್ನ ಹಗುರ ಮಾಡಿಕೊಡು. ಆಗಲ್ಲ ಅಂದ್ರೆ ಹೇಳಿಬಿಡು, ಅಂಗಡಿಯಿಂದ ಪ್ಲಾಸ್ಟಿಕ್ ಡಬ್ಬ ತಗೋತೀನಿ."

"ಹಗುರ ಅಂದ್ರೆ? ಭಾರ ಇರೋದೆಲ್ಲ ಈ ಕಬ್ಬಿಣದಲ್ಲೇ. ಅದಿಲ್ದೆ ವಾಲ್ವಿಗೆ ಕರೆಂಟು ಎಲ್ಲಿಂದ ಬರುತ್ತೆ, ಆಕಾಶದಿಂದ್ಲಾ?"

"ನನ್ನ ಲ್ಯಾಪ್‌ಟಾಪಿನ ಚಾರ್ಜರ್ ಅಂಗೈಯಷ್ಟಿದೆ. ಅದರೊಳಗೆ ಕಬ್ಬಿಣ ಎಲ್ಲಿದೆ?"

ಪ್ರೆಬೆನ್‌ನ ಮುಖ ಹರಳೆಣ್ಣೆ ಕುಡಿದಂತಾಯಿತು. ಅವಳು ಹೇಳುತ್ತಿದ್ದದ್ದು ಸ್ವಿಚಿಂಗ್ ಪವರ್ ಸಪ್ಲೈ ವಿಚಾರ. ಕರೆಂಟನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕತ್ತರಿಸಿ ಕತ್ತರಿಸಿ ಕೊಡುವ ಆ ಪುಟ್ಟ ಸರ್ಕ್ಯೂಟ್ ಹಲಗೆಗಳು ಈಗ ಟಿವಿಯಿಂದ ಹಿಡಿದು ಹಲ್ಲುಜ್ಜುವ ಬ್ರಷ್ಷಿನವರೆಗೆ ಎಲ್ಲದರಲ್ಲೂ ಇವೆ. ವಾಲ್ವ್ ಆಂಪ್ಲಿಫೈಯರಿನಲ್ಲಿ ಮಾತ್ರ ಇರಬಾರದು ಎಂದು ಪ್ರೆಬೆನ್ ಮೂವತ್ತು ವರ್ಷದಿಂದ ಹೇಳಿಕೊಂಡು ಬಂದಿದ್ದ. ಊರಿನ ವಾಲ್ವ್ ಹವ್ಯಾಸಿಗಳ ಕ್ಲಬ್ಬಿನಲ್ಲಿ ಯಾರಾದರೂ ಹೊಸಬರು ಆ ಮಾತೆತ್ತಿದರೆ, "ಫೋನ್ ಚಾರ್ಜರ್ ಬೇಕಾದ್ರೆ ಫೋನಿಗೆ ಹಾಕ್ಕೋ" ಎಂದು ಕಾಫಿ ಕಪ್ಪು ಕುಕ್ಕುತ್ತಿದ್ದ. ಅದರ ಕಿರಿಕಿರಿ ತನ್ನ ಕಿವಿಗೆ ಗೋಡೆಯಾಚೆಯಿಂದಲೂ ತಿಳಿಯುತ್ತದೆ ಎನ್ನುವುದು ಅವನ ಹೆಮ್ಮೆ. ಕ್ಲಬ್ಬಿನ ಹದಿನೈದು ಮಂದಿ ಪಿಂಚಣಿದಾರರು ಅದನ್ನು ವೇದವಾಕ್ಯವೆಂದು ನಂಬಿದ್ದರು.

ಆದರೆ ವಿಬೇಕೆ ಬೇರೆಯವಳಲ್ಲ. ಅವನು ರೇಡಿಯೋ ಕಾರ್ಖಾನೆಯ ಕೆಲಸ ಬಿಟ್ಟು ಅಂಗಡಿ ಹಾಕಿದಾಗ ಮೊದಲು ನಂಬಿ ಬಂದವಳು. ಅವಳ ಭುಜದ ಹೊಲಿಗೆಯ ಗುರುತು ಅಂಗಿಯ ಕುತ್ತಿಗೆಯಿಂದ ಇಣುಕುತ್ತಿತ್ತು.

"ನೋಡ್ತೀನಿ," ಎಂದ.

"ನೋಡೋದಲ್ಲ, ಮಾಡು. ಜೂನ್‌ನಲ್ಲಿ ಫೂರ್ ದ್ವೀಪದಲ್ಲಿ ಕಾರ್ಯಕ್ರಮ ಇದೆ."

ಬೇಡದ ಕೆಲಸ ಮೊದಲ ದಿನವೇ ಹಲ್ಲು ತೋರಿಸಿತು. ವಾಲ್ವ್‌ಗಳ ಒಳಗಿನ ತಂತಿಯನ್ನು ಕೆಂಪಗೆ ಕಾಯಿಸಲು ಒಂದು ಸಣ್ಣ ಸಪ್ಲೈಯನ್ನು ಕೊಂಡು ತಂದಿದ್ದ. ಮುನ್ನೂರು ವೋಲ್ಟ್ ಕೊಡುವ ಇನ್ನೊಂದನ್ನು ತಾನೇ ಕಟ್ಟಿದ. ಸ್ವಿಚ್ ಹಾಕಿದರೆ ವಾಲ್ವ್ ಹೊತ್ತಿಕೊಳ್ಳಲೇ ಇಲ್ಲ. ಟಿಕ್, ಟಿಕ್, ಟಿಕ್ ಎಂದು ಒಳಗಿನಿಂದ ಹಲ್ಲಿ ಲೊಚಗುಟ್ಟಿದಂಥ ಸದ್ದು ಮಾತ್ರ. ವಾಲ್ವಿನ ತಂತಿ ತಣ್ಣಗಿರುವಾಗ ಹಸಿದವನಂತೆ ಕರೆಂಟು ನುಂಗುತ್ತದೆ. ಹಳೆಯ ಕಬ್ಬಿಣ ಅದನ್ನು ಸಹಿಸಿಕೊಳ್ಳುತ್ತಿತ್ತು. ಈ ಹೊಸ ಹಲಗೆ ಹಾಗಲ್ಲ, ಹೆದರಿ ಬಾಗಿಲು ಹಾಕಿಕೊಳ್ಳುತ್ತದೆ, ಮತ್ತೆ ಇಣುಕುತ್ತದೆ, ಮತ್ತೆ ಹಾಕಿಕೊಳ್ಳುತ್ತದೆ. ಮೊದಲು ಮೆಲ್ಲಗೆ ಹರಿಸಿ ಆಮೇಲೆ ಪೂರ್ತಿ ಬಿಡುವ ಒಂದು ಏರ್ಪಾಡು ಮಾಡುವಷ್ಟರಲ್ಲಿ ಒಂದು ವಾರ ಹೋಯಿತು. ಎರಡು ಹಲಗೆಗಳು ಸುಟ್ಟು ವರ್ಕ್‌ಶಾಪೆಲ್ಲ ಕಮಟು ವಾಸನೆ.

ಕ್ಲಬ್ಬಿನ ಗೆಳೆಯ ಎರ್ಲಿಂಗ್ ಒಂದು ಬೆಳಿಗ್ಗೆ ಬಂದು ಮೇಜನ್ನು ನೋಡಿ ಟೊಪ್ಪಿ ತೆಗೆದು ಎದೆಗಿಟ್ಟುಕೊಂಡ, ಯಾರೋ ತೀರಿಕೊಂಡಿದ್ದಾರೇನೋ ಎನ್ನುವಂತೆ.

"ಪ್ರೆಬೆನ್, ನೀನೇನಾ ಇದು? ಪಾದ್ರಿ ಹೋಗಿ ಜೂಜುಕಟ್ಟೇಲಿ ಕೂತ ಹಾಗಾಯ್ತಲ್ಲಯ್ಯ!"

"ಬಾಯಿ ಮುಚ್ಕೊಂಡು ಕಾಫಿ ಕುಡಿ. ಹೆಂಗಸಿನ ಭುಜ ಹೋಗಿದೆ."

"ಭುಜಕ್ಕೆ ಮುಲಾಮು ಹಚ್ಚಲಿ. ನಿನ್ನ ಮರ್ಯಾದೆಗೆ ಏನು ಹಚ್ತೀಯ?"

ಕೊನೆಗೂ ಒಂದು ಮಧ್ಯಾಹ್ನ ವಾಲ್ವ್‌ಗಳು ಹಣ್ಣಾದ ಕಿತ್ತಳೆಯ ಬಣ್ಣಕ್ಕೆ ತಿರುಗಿ ನಿಂತವು. ಪ್ರೆಬೆನ್ ಸ್ಪೀಕರಿಗೆ ಕಿವಿ ಆನಿಸಿದ. ಗೂಂ ಎನ್ನುವ ಹಳೆಯ ಸದ್ದೂ ಇಲ್ಲ. ನಿಶ್ಶಬ್ದ, ಹಿಮ ಬಿದ್ದ ಬೆಳಗಿನಂಥ ನಿಶ್ಶಬ್ದ. ಅವನಿಗೆ ಸಂತೋಷಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಮೂವತ್ತು ವರ್ಷ ಬೈದದ್ದು ಇಷ್ಟು ಚೆನ್ನಾಗಿ ನಡೆದುಕೊಳ್ಳಬಾರದಿತ್ತು. ಆದರೂ ವಿಬೇಕೆಗೆ ಫೋನ್ ಮಾಡಿದ.

ಮೂರು ದಿನ ಬಿಟ್ಟು ವಿಬೇಕೆ ಬಂದು ಪೆಟ್ಟಿಗೆಯನ್ನು ಎಡಗೈಯಲ್ಲಿ ಎತ್ತಿದಳು, ಇಳಿಸಿದಳು, ಮತ್ತೆ ಎತ್ತಿದಳು. ಅರ್ಧಕ್ಕಿಂತ ಹೆಚ್ಚು ಭಾರ ಇಳಿದಿತ್ತು. ಅವಳ ಕಣ್ಣಲ್ಲಿ ನೀರಾಡಿತು. ಗಿಟಾರ್ ಸಿಕ್ಕಿಸಿ ಒಂದು ಹಳೆಯ ವಾಲ್ಟ್ಸ್ ಕುಣಿತದ ರಾಗ ನುಡಿಸಿದಳು. ಅದೇ ನಾದ, ಅದೇ ಬೆಚ್ಚನೆಯ ಗಂಟಲು. ಪ್ರೆಬೆನ್ ಬೆನ್ನು ತಿರುಗಿಸಿ ಕಿಟಕಿ ನೋಡುತ್ತ ನಿಂತ.

ನುಡಿಸುವುದು ನಿಲ್ಲಿಸಿ ಅವಳು ತಲೆ ವಾಲಿಸಿದಳು. "ಆ ಸಿಳ್ಳೆ ಏನು?"

"ಯಾವ ಸಿಳ್ಳೆ?"

"ಇದೇ. ಈಗ ಬರ್ತಿದೆಯಲ್ಲ. ಸೊಳ್ಳೆ ಥರ, ಸಣ್ಣಗೆ."

ಪ್ರೆಬೆನ್ ಸ್ಪೀಕರಿನ ಬಟ್ಟೆಗೆ ಕಿವಿ ಒತ್ತಿದ. "ಏನೂ ಇಲ್ಲ."

"ಇದೆ ಪ್ರೆಬೆನ್. ಕಿವಿಗೆ ಸೂಜಿ ಚುಚ್ಚಿದ ಹಾಗಿದೆ."

"ಮೂವತ್ತು ವರ್ಷ ಡ್ರಮ್ಮಿನವನ ಪಕ್ಕ ನಿಂತವಳು ನೀನು. ಸಿಳ್ಳೆ ಇರೋದು ನಿನ್ನ ತಲೇಲಿ. ಮೊದಲು ಕಿವಿ ತೋರಿಸ್ಕೋ, ಆಮೇಲೆ ನನ್ನ ಕೆಲಸಕ್ಕೆ ಹೆಸರಿಡು."

ಮಾತು ಬಾಯಿಂದ ಬಿದ್ದ ಮೇಲೆ ಅದು ಎಷ್ಟು ಒರಟು ಎಂದು ಅವನಿಗೇ ಅನಿಸಿತು. ವಿಬೇಕೆ ಗಿಟಾರನ್ನು ಚೀಲಕ್ಕೆ ಹಾಕಿ, ಒಂದು ಕೈಯಲ್ಲಿ ಜಿಪ್ ಎಳೆಯಲಾಗದೆ ಒದ್ದಾಡಿದಳು. ಅವನು ಸಹಾಯಕ್ಕೆ ಬಂದಾಗ ಭುಜ ತಿರುಗಿಸಿದಳು.

"ನನ್ನ ಭುಜ ಹೋಗಿದೆ, ಒಪ್ಕೋತೀನಿ. ಕಿವಿ ಹೋಗಿಲ್ಲ," ಎಂದು ಹೇಳಿ, ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ಹೊರಟೇಹೋದಳು.

ವರ್ಕ್‌ಶಾಪಿನ ಹಿಂದಿನ ಬಾಗಿಲು ತೆರೆದರೆ ಮನೆಯ ಅಡುಗೆಮನೆ. ಹೆಂಡತಿ ಬೋಡಿಲ್ ಅಲ್ಲಿ ಕಪ್ಪು ಬ್ರೆಡ್ ಹೋಳು ಮಾಡುತ್ತಿದ್ದಳು.

"ನೋಡಿದ್ಯಾ ಅವಳ ಕೊಬ್ಬು? ಇಲ್ಲದ ಸಿಳ್ಳೆ ಕೇಳ್ಸುತ್ತಂತೆ!"

ಬೋಡಿಲ್ ಚಾಕು ನಿಲ್ಲಿಸಲಿಲ್ಲ. "ಅದಾ? ಅದು ಬರ್ತಾ ಇದೆಯಲ್ಲ, ಮೂರು ದಿನದಿಂದ. ನಾನು ಅದಕ್ಕೇ ಬಾಗಿಲು ಹಾಕ್ಕೊಂಡಿದ್ದೆ."

"ನಿನಗೂ ಕೇಳ್ಸುತ್ತಾ?"

"ಕಿವಿ ಇದ್ದವರಿಗೆಲ್ಲ ಕೇಳ್ಸುತ್ತೆ. ನಿನಗೆ ಗೊತ್ತಿದೆ, ಸರಿ ಮಾಡ್ತಿದೀಯ ಅಂದ್ಕೊಂಡಿದ್ದೆ."

ಪ್ರೆಬೆನ್ ವರ್ಕ್‌ಶಾಪಿಗೆ ಹಿಂತಿರುಗಿದ. ಕಪಾಟಿನಿಂದ ಶಬ್ದ ಹುಟ್ಟಿಸುವ ಯಂತ್ರವನ್ನು ತೆಗೆದು, ಹೆಡ್‌ಫೋನ್ ಹಾಕಿಕೊಂಡು, ಗುಂಡಿಯನ್ನು ನಿಧಾನಕ್ಕೆ ಮೇಲಕ್ಕೆ ತಿರುಗಿಸಿದ. ಶಬ್ದ ತೆಳ್ಳಗಾಗುತ್ತ ಏರಿತು, ಹಕ್ಕಿಯಂತಾಯಿತು, ಕೀಟದಂತಾಯಿತು, ಸೆಕೆಂಡಿಗೆ ಎಂಟು ಸಾವಿರ ಕಂಪನದ ಗುರುತು ದಾಟುತ್ತಲೇ ಇಲ್ಲವಾಯಿತು. ತಂತಿ ಸಡಿಲವಾಗಿದೆಯೆಂದು ಅಲುಗಿಸಿ ನೋಡಿದ. ಮೀಟರಿನ ಮುಳ್ಳು ಇದ್ದಲ್ಲೇ ನಿಂತಿತ್ತು. ಶಬ್ದ ಇತ್ತು. ಅವನಿಗೆ ಮಾತ್ರ ಇರಲಿಲ್ಲ. ಇನ್ನೊಮ್ಮೆ ತಿರುಗಿಸಿದ, ಇನ್ನೊಮ್ಮೆ. ಪ್ರತಿ ಸಲವೂ ಅದೇ ಜಾಗದಲ್ಲಿ ಬಾಗಿಲು ಮುಚ್ಚಿತು.

ಯಾವಾಗ ಹೋಯಿತು? ಹೋದ ವರ್ಷವೋ, ಹತ್ತು ವರ್ಷದ ಹಿಂದೆಯೋ? ಯಾರೂ ಬಂದು ಹೇಳಿರಲಿಲ್ಲ. ಕ್ಲಬ್ಬಿನಲ್ಲಿ ಕಣ್ಣು ಮುಚ್ಚಿ ಕೂತು, "ಮೇಲಿನ ಸ್ವರ ಸ್ವಲ್ಪ ಒರಟು" ಎಂದು ಇನ್ನೊಬ್ಬರ ಕೆಲಸಕ್ಕೆ ತೀರ್ಪು ಕೊಟ್ಟಿದ್ದೆಲ್ಲ ನೆನಪಾಗಿ ಕಿವಿಯ ತುದಿ ಬಿಸಿಯಾಯಿತು.

ಮರುದಿನದಿಂದ ಅವನು ತನಗೆ ಕೇಳದ ಶತ್ರುವಿನ ಮೇಲೆ ಯುದ್ಧಕ್ಕೆ ನಿಂತ. ತಾಮ್ರದ ಹಾಳೆಯಿಂದ ಸಪ್ಲೈಗಳನ್ನು ಮುಚ್ಚಿದ. ತಂತಿಗಳ ದಾರಿ ಬದಲಿಸಿದ. ಸುರುಳಿ ಸುತ್ತಿ ಕರೆಂಟು ಸೋಸುವ ಏರ್ಪಾಡು ಮಾಡಿದ. ಪ್ರತಿ ಸಲವೂ ಅಡುಗೆಮನೆಯ ಕಡೆ ಕೂಗಬೇಕು.

"ಬೋಡಿಲ್! ಈಗ?"

"ಇದೆ."

"ಕಡಿಮೆ ಆಗಿದೆಯಾ?"

"ಮೊದ್ಲು ಕಡಿಮೆ ಇತ್ತು, ಈಗ ಜಾಸ್ತಿ."

"ಜಾಸ್ತಿ ಅಂದ್ರೆ ಎಷ್ಟು?"

"ಎಷ್ಟು ಅಂದ್ರೆ? ಕಿಲೋದಲ್ಲಿ ಹೇಳ್ಲಾ?"

ಅದರ ಮೇಲೆ ಆ ಸಿಳ್ಳೆ ಒಂದೇ ಕಡೆ ನಿಲ್ಲುತ್ತಲೂ ಇರಲಿಲ್ಲ. ಪೆಟ್ಟಿಗೆ ಬಿಸಿಯಾಗುತ್ತಿದ್ದಂತೆ ಅದು ಏರುತ್ತದೆ, ಇಳಿಯುತ್ತದೆ ಎಂದು ಬೋಡಿಲ್ ಹೇಳುತ್ತಿದ್ದಳು. ನಾಲ್ಕನೇ ದಿನ ಅವಳು ಮೀನಿನ ವಡೆ ಕರಿಯುತ್ತಿದ್ದಾಗ ಪ್ರೆಬೆನ್ ಐದನೇ ಸಲ ಕರೆದ. ಅವಳು ಒಲೆ ಆರಿಸಿ, ಏಪ್ರನ್ ಬಿಚ್ಚಿ, ಬಾಗಿಲಲ್ಲಿ ಬಂದು ನಿಂತಳು.

"ನಾನು ನಿನ್ನ ಮೀಟರ್ ಅಲ್ಲ ಪ್ರೆಬೆನ್. ನಾಲ್ಕು ದಿನ ಆಯ್ತು, 'ಈಗ, ಈಗ' ಅನ್ನೋದು ಬಿಟ್ರೆ ನನ್ನ ಹತ್ರ ಒಂದು ಮಾತಾಡಿಲ್ಲ. ಆ ಹೆಂಗಸಿಗೆ ಫೋನ್ ಮಾಡಿ ತಪ್ಪಾಯ್ತು ಅಂತಾನಾದ್ರೂ ಅಂದ್ಯಾ?"

"ಮೊದ್ಲು ಸರಿ ಮಾಡ್ತೀನಿ, ಆಮೇಲೆ..."

"ಆಮೇಲೆ ನಿನ್ನ ಕಿವಿ ಬರುತ್ತಾ?" ಎಂದಳು. ಅಂದ ಮೇಲೆ ತಾನೇ ತುಟಿ ಕಚ್ಚಿಕೊಂಡು ಒಳಗೆ ಹೋದಳು. ಬಾಗಿಲು ಹಾಕಿದ ಸದ್ದು ಅವನಿಗೆ ಸ್ಪಷ್ಟವಾಗಿ ಕೇಳಿಸಿತು.

ದಿಕ್ಕುಗಾಣದೆ ಪೆಟ್ಟಿಗೆಯನ್ನು ಕಾರಿನಲ್ಲಿಟ್ಟುಕೊಂಡು ಎರ್ಲಿಂಗ್‌ನ ಮನೆಗೆ ಹೋದ. ಎರ್ಲಿಂಗ್ ಅವನನ್ನು ಕೂರಿಸಿ, ಹಿಂದಿನ ದಿನದ ಕೇಕ್ ಕೊಟ್ಟು, ಸ್ಪೀಕರಿನ ಮುಂದೆ ಮಂಡಿಯೂರಿ ಬಹಳ ಹೊತ್ತು ಆಲಿಸಿದ. ಅವನ ಮುಖ ಗಂಭೀರವಾಯಿತು.

"ಒಪ್ಕೋಬೇಕು ಕಣಯ್ಯ. ಒಂದು ಚೂರೂ ಸದ್ದಿಲ್ಲ. ಮಸಣ ಇದ್ದ ಹಾಗಿದೆ."

"ಸಿಳ್ಳೆ ಇದೆ."

"ಎಲ್ಲಿ?"

"ನಿನ್ನ ಮೂಗಿನ ಮುಂದೆ. ನನಗೂ ಕೇಳಲ್ಲ, ನಿನಗೂ ಕೇಳಲ್ಲ. ನಮ್ಮಿಬ್ಬರ ಕಿವೀನೂ ಎಂಟು ಸಾವಿರಕ್ಕೇ ಅಂಗಡಿ ಬಾಗಿಲು ಹಾಕುತ್ತೆ ಎರ್ಲಿಂಗ್. ಹದಿನೈದು ಜನ ಮುದುಕರು ಕೂತ್ಕೊಂಡು ಯಾವ ಸ್ವರಕ್ಕೆ ಜಗಳ ಆಡ್ತಿದ್ವೋ ಆ ಸ್ವರ ನಮಗೆ ಕೇಳೋದೇ ಇಲ್ಲ."

ಎರ್ಲಿಂಗ್ ಮಂಡಿ ಹಿಡಿದುಕೊಂಡು ಎದ್ದ. ಕೇಕಿನ ತಟ್ಟೆ ತೆಗೆದು ಮುಚ್ಚಿಟ್ಟ. "ನಿನ್ನ ಕಿವಿ ಹೋಗಿರಬಹುದು. ನನ್ನದು ಹೋಗಿಲ್ಲ," ಎಂದ. ಬಾಗಿಲ ತನಕ ಬಂದು, ದನಿ ತಗ್ಗಿಸಿ, "ಕ್ಲಬ್ಬಲ್ಲಿ ಇದನ್ನ ಎತ್ತಬೇಡ. ಅವರಿಗೆ ಬೇರೆ ಏನಿದೆ ಹೇಳು?" ಎಂದ.

ಕಾರಿನಲ್ಲಿ ಕೂತು ಪ್ರೆಬೆನ್ ಸ್ಟಿಯರಿಂಗ್ ಮೇಲೆ ಹಣೆಯಿಟ್ಟ. ಅಳು ಬರಲಿಲ್ಲ, ಬೈಗುಳ ಬಂತು. ಸಪ್ಲೈಗೆ, ಎರ್ಲಿಂಗ್‌ಗೆ, ಎಲ್ಲಕ್ಕಿಂತ ಹೆಚ್ಚಾಗಿ ತಲೆಯ ಎರಡೂ ಬದಿಗೆ ಅಂಟಿಕೊಂಡು ಸದ್ದಿಲ್ಲದೆ ಕೈಕೊಟ್ಟ ಆ ಎರಡು ಮಾಂಸದ ತುಂಡುಗಳಿಗೆ. ಬೈದು ಬೈದು ಸಾಕಾದ ಮೇಲೆ ಒಂದು ಯೋಚನೆ ಬಂತು. ಕಾರು ನಿಂತಲ್ಲೇ ಇತ್ತು, ಅದರೊಳಗೆ ಬ್ಯಾಟರಿ ಇತ್ತು. ಬ್ಯಾಟರಿಗೆ ಸಿಳ್ಳೆ ಹೊಡೆಯಲು ಬಾಯಿ ಎಲ್ಲಿದೆ?

ಮನೆಗೆ ಬಂದು ಅಡುಗೆಮನೆಗೆ ಹೋಗಿ ಕುರ್ಚಿ ಎಳೆದು ಕೂತ. ಬೋಡಿಲ್ ಪತ್ರಿಕೆಯಿಂದ ತಲೆಯೆತ್ತಲಿಲ್ಲ.

"ನನಗೆ ಕೇಳ್ಸಲ್ಲ ಬೋಡಿಲ್. ಅದನ್ನ ಹೇಳೋಕೆ ನಾಚಿಕೆ ಆಗಿ ಹಾರಾಡ್ತಿದ್ದೆ. ತಪ್ಪಾಯ್ತು."

ಅವಳು ಪತ್ರಿಕೆ ಮಡಿಸಿದಳು. "ನಾನೂ ಹಾಗನ್ನಬಾರದಿತ್ತು," ಎಂದಳು. "ಏನು ಮಾಡಬೇಕು ಹೇಳು. ಆದ್ರೆ ಈ ಸಲ ಕುರ್ಚಿ ಹಾಕಿಕೊಡು, ಕಾಫಿ ಕೊಡು. ಓಡಾಡಕ್ಕಾಗಲ್ಲ."

ಅವಳನ್ನು ವರ್ಕ್‌ಶಾಪಿನ ಒಳ್ಳೆಯ ಕುರ್ಚಿಯಲ್ಲಿ ಕೂರಿಸಿ, ವಾಲ್ವಿನ ತಂತಿ ಕಾಯಿಸುವ ಸಪ್ಲೈಯನ್ನು ಬಿಚ್ಚಿ, ಅದರ ಜಾಗದಲ್ಲಿ ಬ್ಯಾಟರಿಯಿಂದ ಕರೆಂಟು ಕೊಟ್ಟ.

"ಇಲ್ಲ," ಎಂದಳು ಬೋಡಿಲ್. "ಹೋಯ್ತು."

ಹಾಗಾದರೆ ತಪ್ಪು ಅದರದ್ದೇ. ಖಚಿತ ಮಾಡಿಕೊಳ್ಳಲು ಅದನ್ನು ಮತ್ತೆ ಜೋಡಿಸಿ, ಮುನ್ನೂರು ವೋಲ್ಟಿನದನ್ನು ಬಿಚ್ಚಿ, ಆ ಜಾಗಕ್ಕೆ ಹಳೆಯ ಕಬ್ಬಿಣದ ಟ್ರಾನ್ಸ್‌ಫಾರ್ಮರ್ ಕಟ್ಟಿದ.

"ಈಗಲೂ ಇಲ್ಲ. ಗೂಂ ಅಂತಿದೆ ಅಷ್ಟೆ."

"ಸರಿಯಾಗಿ ಕೇಳು!"

"ಪ್ರೆಬೆನ್."

"ಆಯ್ತು, ಆಯ್ತು."

ಅವನು ಮೇಜಿಗೆ ಒರಗಿ ನಿಂತ. ಒಂದನ್ನು ತೆಗೆದರೂ ಸಿಳ್ಳೆಯಿಲ್ಲ, ಇನ್ನೊಂದನ್ನು ತೆಗೆದರೂ ಇಲ್ಲ. ಎರಡೂ ಕೂಡಿದಾಗ ಮಾತ್ರ. ಆಗ ಹೊಳೆದು ಹಣೆ ಚಚ್ಚಿಕೊಂಡ. ಎರಡು ಸಪ್ಲೈಗಳೂ ಕರೆಂಟು ಕತ್ತರಿಸುವ ವೇಗ ಮನುಷ್ಯರ ಕಿವಿಗೆ ನಿಲುಕದಷ್ಟು ಹೆಚ್ಚು. ಆದರೆ ಎರಡರ ವೇಗ ಒಂದೇ ಅಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುತ್ತಿತ್ತು, ಆ ಎಳೆದಾಟದ ವ್ಯತ್ಯಾಸವೇ ಸಿಳ್ಳೆಯಾಗಿ ಹೊರಬರುತ್ತಿತ್ತು. ಬಿಸಿಯಾದಂತೆ ವೇಗ ಬದಲಾಗುತ್ತಿತ್ತು, ಸಿಳ್ಳೆಯೂ ಅಲೆಯುತ್ತಿತ್ತು. ತಪ್ಪಿತಸ್ಥನನ್ನು ಹುಡುಕುತ್ತ ಒಬ್ಬೊಬ್ಬನಿಗೇ ತಾಮ್ರದ ಕಂಬಳಿ ಹೊದಿಸಿದ್ದ, ಜಗಳ ಇಬ್ಬರ ನಡುವೆ ಇತ್ತು.

ಎರಡನ್ನೂ ಒಂದೇ ತಾಳಕ್ಕೆ ಕಟ್ಟಬೇಕಿತ್ತು. ತಾನು ಕಟ್ಟಿದ ಸಪ್ಲೈ ಇನ್ನೊಂದರ ಬಡಿತವನ್ನೇ ಹಿಡಿದು ನಡೆಯುವಂತೆ ಸಣ್ಣದೊಂದು ತಂತಿಯಲ್ಲಿ ದಾರಿ ಮಾಡುವುದಕ್ಕೆ ಮತ್ತೆ ಎರಡು ದಿನ ಹಿಡಿಯಿತು. ಮೊದಲ ಸಲ ಮಾಡಿದಾಗ ಎರಡೂ ಕೂಡಿ ಸತ್ತವು. ಎರಡನೇ ಸಲ, ಕರೆಂಟಿನ ಅಲೆ ತೋರಿಸುವ ಆಸಿಲೋಸ್ಕೋಪಿನ ಪರದೆಯ ಮೇಲೆ ಓಡಾಡುತ್ತಿದ್ದ ಹಸಿರು ಗೆರೆ ಜೊತೆಗೆರೆಯ ಪಕ್ಕದಲ್ಲಿ ಬಂದು ನಿಂತುಬಿಟ್ಟಿತು. ಕಿವಿಗೆ ಸಿಗದ್ದು ಕಣ್ಣಿಗೆ ಸಿಕ್ಕಿತು. ಬೋಡಿಲ್ ಅರ್ಧ ಗಂಟೆ ಕೂತು ಕೇಳಿ, "ಇಲ್ಲ," ಎಂದಳು. ಇನ್ನರ್ಧ ಗಂಟೆ ಬಿಟ್ಟು ಬಂದು ಕೇಳಿ ಮತ್ತೆ, "ಇಲ್ಲ."

ವಿಬೇಕೆ ಮಾತ್ರ ಫೋನ್ ಎತ್ತಲಿಲ್ಲ. ಎಷ್ಟು ಸಲ ಮಾಡಿದರೂ ಎತ್ತಲಿಲ್ಲ.

ಕಾರ್ಯಕ್ರಮವಿದ್ದ ಶನಿವಾರ ಗಂಡ ಹೆಂಡತಿ ಇಬ್ಬರೂ ಪೆಟ್ಟಿಗೆಯನ್ನು ಕಾರಿನಲ್ಲಿಟ್ಟುಕೊಂಡು ಫೂರ್ ದ್ವೀಪಕ್ಕೆ ಕಾರು ದಾಟಿಸುವ ದೋಣಿ ಹತ್ತಿದರು. ದೋಣಿ ಸಣ್ಣದು, ಕಡಲ ಕಾಲುವೆ ದಾಟುವುದು ಕಾಫಿ ಆರುವಷ್ಟರಲ್ಲಿ. ಹಾಲಿನಲ್ಲಿ ಮಧ್ಯಾಹ್ನದ ನೃತ್ಯಕ್ಕೆ ಜನ ಆಗಲೇ ಸೇರುತ್ತಿದ್ದರು. ವೇದಿಕೆಯ ಮೇಲೆ ವಿಬೇಕೆಯ ಪಕ್ಕದಲ್ಲಿ ಹೊಸದೊಂದು ಪ್ಲಾಸ್ಟಿಕ್ ಡಬ್ಬ ಕೂತಿತ್ತು.

ಪ್ರೆಬೆನ್ ಪೆಟ್ಟಿಗೆಯನ್ನು ವೇದಿಕೆಯ ಅಂಚಿಗಿಟ್ಟ. "ನಿನ್ನ ಕಿವಿ ಸರಿಯಾಗೇ ಇದೆ. ಹೋಗಿರೋದು ನನ್ನದು. ಅವತ್ತು ಬಾಯಿಗೆ ಬಂದ ಹಾಗೆ ಮಾತಾಡಿದೆ."

ವಿಬೇಕೆ ಅವನನ್ನೂ ಅವನ ಹಿಂದೆ ನಿಂತ ಬೋಡಿಲ್‌ಳನ್ನೂ ನೋಡಿದಳು. "ಫೋನ್ ಎತ್ತಿದ್ರೆ ಮತ್ತೆ ಬೈತೀಯ ಅಂದ್ಕೊಂಡೆ," ಎಂದಳು. ಪ್ಲಾಸ್ಟಿಕ್ ಡಬ್ಬವನ್ನು ಕಾಲಲ್ಲಿ ಪಕ್ಕಕ್ಕೆ ತಳ್ಳಿದಳು. "ಈ ದರಿದ್ರ ಡಬ್ಬದಲ್ಲಿ ನನ್ನ ಗಿಟಾರು ಶೀತ ಆದವರ ಥರ ಹಾಡುತ್ತೆ. ಕೊಡು ಇಲ್ಲಿ."

ಸಿಕ್ಕಿಸಿದಳು. ವಾಲ್ವ್‌ಗಳು ಹೊತ್ತಿಕೊಂಡವು. ಅವಳು ತಂತಿ ಮೀಟಿ, ಕೈ ಅಡ್ಡ ಇಟ್ಟು ನಿಲ್ಲಿಸಿ, ತಲೆ ವಾಲಿಸಿದಳು.

"ಪ್ರೆಬೆನ್... ಇದೆ."

"ಇಲ್ಲ!"

"ಇದೆ ಮಾರಾಯ."

ಅವನು ಬೋಡಿಲ್ ಕಡೆ ತಿರುಗಿದ. ಬೋಡಿಲ್ ಸಂಕಟದಿಂದ ತಲೆಯಾಡಿಸಿದಳು. ಇದೆ. ಪ್ರೆಬೆನ್‌ಗೆ ಪೆಟ್ಟಿಗೆಯನ್ನು ಎತ್ತಿ ಕಡಲಿಗೆ ಹಾಕುವ ಮನಸ್ಸಾಯಿತು. ಈಗ ಅದು ಹಗುರವಾಗಿಯೂ ಇತ್ತು. ಎರಡು ಹೆಜ್ಜೆ ಇಟ್ಟು ಗೋಡೆಯಿಂದ ಪ್ಲಗ್ ಕಿತ್ತ. ವಾಲ್ವ್‌ಗಳ ಬಣ್ಣ ಇಳಿಯಿತು.

"ಇನ್ನೂ ಇದೆ," ಎಂದಳು ಬೋಡಿಲ್, ನಿಧಾನಕ್ಕೆ.

ಮೂವರೂ ಮೇಲೆ ನೋಡಿದರು. ಚಾವಣಿಯಲ್ಲಿ ಹೊಚ್ಚ ಹೊಸ ಎಲ್‌ಇಡಿ ದೀಪಗಳು ಸಾಲಾಗಿ ಉರಿಯುತ್ತಿದ್ದವು, ಒಂದೊಂದರ ಹೊಟ್ಟೆಯಲ್ಲೂ ಒಂದೊಂದು ಪುಟ್ಟ ಸಪ್ಲೈ. ಪ್ರೆಬೆನ್ ಬಾಗಿಲ ಬಳಿಯ ಸ್ವಿಚ್ಚಿನ ಕಡೆ ನಡೆದ. ಹಾಲಿನ ಮೇಲ್ವಿಚಾರಕ, ಎತ್ತರದ ಮನುಷ್ಯ, ಅಡ್ಡ ಬಂದ.

"ಏಯ್, ಅದನ್ನ ಮುಟ್ಟಬೇಡ. ಈಸ್ಟರಿಗೆ ಹಾಕ್ಸಿದ್ದು. ಇಷ್ಟು ದಿನ ಯಾರೂ ಒಂದು ಮಾತು ಹೇಳಿಲ್ಲ."

"ಅವು ಸಿಳ್ಳೆ ಹಾಕ್ತಿವೆ."

ಮೇಲ್ವಿಚಾರಕ ಕಿವಿಗೆ ಕೈ ಅಡ್ಡ ಹಿಡಿದ. ಅವನಿಗೂ ಪ್ರೆಬೆನ್‌ನಷ್ಟೇ ವಯಸ್ಸು. "ನನಗೇನೂ ಕೇಳ್ಸಲ್ವಲ್ಲ."

"ನನಗೂ ಕೇಳ್ಸಲ್ಲ," ಎಂದ ಪ್ರೆಬೆನ್, ದನಿ ಏರಿಸಿ, ಹಾಲಿನಲ್ಲಿದ್ದವರೆಲ್ಲ ತಿರುಗಿ ನೋಡುವಂತೆ. "ಆದ್ರೂ ಇದೆ! ಆ ಹೆಂಗಸರಿಬ್ಬರನ್ನ ಕೇಳು!"

ಕಾಫಿ ಟೇಬಲ್ಲಿನ ಹತ್ತಿರ ಕೂತಿದ್ದ ಇನ್ನೊಬ್ಬ ಹೆಂಗಸು, "ಅದನ್ನ ನಾನು ಈಸ್ಟರಿಂದ ಹೇಳ್ತಾನೇ ಇದೀನಿ, ಯಾರು ಕೇಳ್ತಾರೆ?" ಎಂದಳು. ಮೇಲ್ವಿಚಾರಕ ಗೊಣಗಿಕೊಂಡು ದೀಪ ಆರಿಸಿದ. ಜೂನ್ ತಿಂಗಳ ಬಿಸಿಲು ಕಿಟಕಿಗಳಿಂದ ನೆಲದ ಮೇಲೆ ಬಿದ್ದಿತ್ತು, ದೀಪ ಯಾಕೆ ಉರಿಯುತ್ತಿತ್ತೋ ಯಾರಿಗೂ ತಿಳಿಯಲಿಲ್ಲ.

ಪ್ಲಗ್ ಮತ್ತೆ ಹಾಕಿದರು. ವಿಬೇಕೆ ಆಲಿಸಿ, ಈಗ ಇಲ್ಲವೆಂದು ತಲೆಯಾಡಿಸಿ, ವಾಲ್ಟ್ಸ್ ಎತ್ತಿಕೊಂಡಳು. ಜನ ಜೋಡಿಯಾಗಿ ನೆಲಕ್ಕಿಳಿದರು. ಪ್ರೆಬೆನ್ ಗೋಡೆಗೊರಗಿ ನಿಂತು ಕೇಳಿದ. ಅವನಿಗೆ ದಕ್ಕುವಷ್ಟು ಕೇಳಿದ. ಕೇಳಿದ್ದರಲ್ಲಿ ಒಂದು ತಪ್ಪನ್ನಾದರೂ ಹಿಡಿಯಬೇಕೆಂದು ಹುಡುಕಿದ, ಸಿಗಲಿಲ್ಲ, ಅದಕ್ಕೂ ಸಿಟ್ಟು ಬಂತು.

"ಮೇಲಿನ ಸ್ವರ ಹೇಗಿದೆ?" ಎಂದು ಬೋಡಿಲ್‌ಳ ಕಿವಿಯಲ್ಲಿ ಕೇಳಿದ.

"ಚೆನ್ನಾಗಿದೆ."

"ಚೆನ್ನಾಗಿದೆ ಅಂದ್ರೆ ಹೇಗೆ? ಒರಟಾ, ನಯಾನಾ?"

"ಪ್ರೆಬೆನ್, ಕುಣಿಯೋಕೆ ಕರೀತೀಯೋ, ಆ ಮೇಲ್ವಿಚಾರಕನ ಜೊತೆ ಹೋಗ್ಲೋ?"

ಅವನು ಕೋಟು ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿ, ಅವಳ ಕೈ ಹಿಡಿದ. ಮೊದಲ ಸುತ್ತಿನಲ್ಲೇ ಅವಳ ಕಾಲು ತುಳಿದ.